ರೇಟ್ ಕೇಳಿದೆವು, ಒಗೆತ ಕೇಳಲಿಲ್ಲ

ಹೋದ ವರ್ಷ ನಮ್ಮೂರ ಕಬಡ್ಡಿ ಪಂದ್ಯಾವಳಿಗೆ ನಾವು 40 ಟಿ-ಶರ್ಟ್ ಮಾಡಿಸಿದ್ದೆವು. ಬಿಳಿ ಟಿ-ಶರ್ಟ್. ಎದೆಯ ಮೇಲೆ ತೀರಿಹೋದ ಗೆಳೆಯನ ಫೋಟೊ, ಕೆಳಗೆ ಅವನ ಹೆಸರು. ಈ ವರ್ಷ ಮತ್ತೆ ಪಂದ್ಯಾವಳಿ ಬಂದಿದೆ, ಮತ್ತೆ ಟಿ-ಶರ್ಟ್ ಮಾಡಿಸಬೇಕು. ನಡುವೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಜಾತ್ರೆಗೋ, ಗಣಪತಿಗೋ, ಹಳೆ ವಿದ್ಯಾರ್ಥಿಗಳ ಕೂಟಕ್ಕೋ ನಿಮ್ಮೂರಲ್ಲೂ ಅಂಗಿ ಮಾಡಿಸುತ್ತೀರಲ್ಲ, ಓದಿದರೆ ನಿಮಗೂ ಉಪಯೋಗಕ್ಕೆ ಬರಬಹುದು.

ಗೆಳೆಯ ನಮ್ಮ ತಂಡದ ರೈಡರ್, ನಂಬರ್ 9. ಒಂದು ಸಂಜೆ ತಾಲೂಕಿನಿಂದ ಬೈಕಿನಲ್ಲಿ ಬರುವಾಗ, ರಸ್ತೆ ಬದಿ ಲೈಟಿಲ್ಲದೆ ನಿಂತಿದ್ದ ಟ್ರ್ಯಾಲಿಗೆ ಹೊಡೆದು ಅಲ್ಲೇ ಹೋದ. ಆ ರಾತ್ರಿ ಪೇಪರ್‌ಗೆ ಸುದ್ದಿ ಕಳಿಸಿದವರೂ ನಾವೇ. ಹೆಸರು, ವಯಸ್ಸು, ಊರು, ಠಾಣೆಯಲ್ಲಿ ಪ್ರಕರಣ ದಾಖಲು. ನಾಲ್ಕು ಸಾಲು. ಸ್ಟ್ರಿಂಗರ್ ಕೆಲಸದಲ್ಲಿ ಇಂಥ ನಾಲ್ಕು ಸಾಲು ತಿಂಗಳಿಗೆ ಎಷ್ಟೋ ಬರೆಯುತ್ತೇವೆ. ಆದರೆ ಅವನಿಗೆ ನಾಲ್ಕೇ ಸಾಲು ಎನ್ನುವುದು ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅವನ ನೆನಪಿಗೆ ಪಂದ್ಯಾವಳಿ ಮಾಡೋಣ, ಎಲ್ಲರ ಎದೆ ಮೇಲೂ ಅವನ ಮುಖ ಇರಲಿ ಎಂದು ನಿರ್ಧರಿಸಿದ್ದು ಅದಕ್ಕೇ.

ತಾಲೂಕಿನ ಒಂದು ಅಂಗಡಿಗೆ ಹೋದೆವು. ಫ್ಲೆಕ್ಸ್, ಮದುವೆ ಪತ್ರಿಕೆ, ಕಪ್ಪಿನ ಮೇಲೆ ಫೋಟೊ, ಟಿ-ಶರ್ಟ್ ಎಲ್ಲವನ್ನೂ ಮಾಡಿಕೊಡುವ ಅಂಗಡಿ. "ಅಣ್ಣಾ, ಒಂದಕ್ಕ ಎಷ್ಟ ಬೀಳ್ತತಿ?" ಅಂದೆವು. ಅವರು ಮೂರು ರೇಟು ಹೇಳಿದರು. ಎಲ್ಲಕ್ಕಿಂತ ಕಡಿಮೆಯದು 160. ನಲವತ್ತಕ್ಕೆ 6,400. ಮನೆ ಮನೆ ತಿರುಗಿ ಕೂಡಿಸಿದ ಪಟ್ಟಿ ಹಣ ಅದಕ್ಕೆ ಸರಿಹೋಗುತ್ತಿತ್ತು. ಅಡ್ವಾನ್ಸ್ ಕೊಟ್ಟು ಬಂದೆವು. ಮೂರು ರೇಟು ಯಾಕೆ, ಏನು ವ್ಯತ್ಯಾಸ ಎಂದು ಯಾರೂ ಕೇಳಲಿಲ್ಲ.

ಪಂದ್ಯಾವಳಿಯ ದಿನ ಎಲ್ಲ ಚೆನ್ನಾಗಿತ್ತು. ನಲವತ್ತು ಜನ ಒಂದೇ ಮುಖ ಹೊತ್ತು ಮೈದಾನದ ಸುತ್ತ ನಿಂತಿದ್ದರು. ಗೆಳೆಯನ ಅವ್ವ ಬಂದಳು. ಒಬ್ಬನ ಎದೆ ಮೇಲೆ ಕೈ ಇಟ್ಟು ಫೋಟೊ ಸವರಿದಳು. ಏನೂ ಮಾತಾಡಲಿಲ್ಲ. ನಮಗೆ ದೊಡ್ಡ ಕೆಲಸ ಮಾಡಿದೆವು ಅನ್ನಿಸಿತು.

ನಮ್ಮೂರಲ್ಲಿ ಬಟ್ಟೆ ಒಗೆಯುವುದು ಹೇಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ಎರೆ ಮಣ್ಣು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಬಿಸಿ ನೀರಲ್ಲಿ ನೆನೆಹಾಕಬೇಕು, ಬಾರ್ ಸೋಪು ತಿಕ್ಕಬೇಕು, ಬ್ರಷ್ ಹಾಕಬೇಕು, ಬಂಡೆಗೆ ಬಡಿಯಬೇಕು, ಹಿಂಡಿ ಬಿಸಿಲಿಗೆ ಹಾಕಬೇಕು. ಮೂರನೇ ಒಗೆತಕ್ಕೆ ಫೋಟೊದ ಮೇಲೆ ಸಣ್ಣ ಗೆರೆಗಳು ಎದ್ದವು. ಐದನೆಯದಕ್ಕೆ ಬರಗಾಲದ ಹೊಲದಂತೆ ಬಿರುಕು ಬಿಟ್ಟಿತು. ಆಮೇಲೆ ಚೂರು ಚೂರಾಗಿ ಉದುರತೊಡಗಿತು. ಒಬ್ಬನ ಅಂಗಿಯಲ್ಲಿ ಕಣ್ಣು ಹೋಯಿತು, ಇನ್ನೊಬ್ಬನದರಲ್ಲಿ ಬಾಯಿ. ಹಾಕಿಕೊಳ್ಳಲು ಬರುವಂತಿರಲಿಲ್ಲ. ಹಳ್ಳಿಯಲ್ಲಿ ಹಾಕಿಕೊಳ್ಳಲು ಬಾರದ ಅಂಗಿ ಏನಾಗುತ್ತದೆ? ಒರೆಸುವ ಅರಿಬಿ ಆಗುತ್ತದೆ.

ಒಂದು ದಿನ ನಮ್ಮ ಹುಡುಗನೊಬ್ಬ ಆ ಅಂಗಿಯಲ್ಲಿ ಟ್ರ್ಯಾಕ್ಟರ್ ಒರೆಸುತ್ತಿದ್ದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಕೈಗೆ ಸಿಕ್ಕಿದ್ದು ಅದು. ಅವ್ವ ಅದೇ ದಾರಿಯಲ್ಲಿ ಹೊಲಕ್ಕೆ ಹೊರಟಿದ್ದಳು. ನಿಂತು ನೋಡಿದಳು. ಮರುದಿನ ಬೆಳಿಗ್ಗೆ ಎರಡು ಹಳೆ ಸೀರೆ ಹರಿದು ಮಡಚಿ ತಂದು ಅವನ ಮನೆ ಕಟ್ಟೆ ಮೇಲೆ ಇಟ್ಟಳು.

"ತಮ್ಮಾ, ಒರಸಾಕ ಇದನ್ನ ಇಟ್ಕೊ. ಆ ಅಂಗಿ ನನಗ ಕೊಡು."

ಆಮೇಲೆ ಬೇರೆ ಮನೆಗಳಿಗೂ ಹೋದಳಂತೆ. ಹಳೆ ಅರಿಬಿ ಕೊಟ್ಟು ಅಂಗಿ ತಂದಳು. ಹೀಗೆ 11 ಅಂಗಿ ಅವಳ ಟ್ರಂಕು ಸೇರಿದವು. ನಮಗೆ ತಿಳಿದದ್ದು ತಡವಾಗಿ. ತಿಳಿದ ದಿನ ಯಾರಿಗೂ ಊಟ ಸೇರಲಿಲ್ಲ.

ಸಿಟ್ಟಿನಲ್ಲಿ ಅಂಗಡಿಗೆ ಹೋದೆವು. ಬಿರುಕು ಬಿಟ್ಟ ಒಂದು ಅಂಗಿಯನ್ನು ಕೌಂಟರ್ ಮೇಲೆ ಹಾಸಿದೆವು. ಅಂಗಡಿಯವರು ಜಗಳಕ್ಕೆ ಬರಲಿಲ್ಲ. ಅಂಗಿ ಮುಟ್ಟಿ ನೋಡಿ ಅಂದರು: "ಇದು ಟ್ರಾನ್ಸ್‌ಫರ್ ಪೇಪರ್ ಕೆಲಸ್ರಿ. ಒಂದ್ ದಿನದ ಕಾರ್ಯಕ್ರಮಕ್ಕ ಮಂದಿ ಒಯ್ತಾರ. ಬಂಡಿಗಿ ಬಡಿಯೂ ಅರಿಬಿಗೆ ಇದು ಅಲ್ಲ. ನೀವು ರೇಟ್ ಕೇಳಿದ್ರಿ, ಹೇಳಿದೆ. ಎಷ್ಟ್ ದಿನ ಇರಬೇಕು ಅಂತ ಕೇಳಿದ್ರ ಅದನ್ನೂ ಹೇಳ್ತಿದ್ದೆ. ಪೇಪರ್‌ನವ್ರು ನೀವು, ಕೇಳೂದು ನಿಮ್ಮ ಕೆಲಸ ಅಲ್ಲೇನ್ರಿ?"

ಅವರೂ ಒಂದು ಮಾತು ಹೇಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಅವರ ಮಾತು ಚುಚ್ಚಿತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಡಿಪ್ಲೊಮಾದ ಮೊದಲ ವಾರವೇ ಕಲಿಸಿದ ಆರು ಪ್ರಶ್ನೆ. ಅಂಗಡಿಯಲ್ಲಿ ಆ ಆರರಲ್ಲಿ ಒಂದನ್ನೂ ಕೇಳದೆ, ಏಳನೆಯದನ್ನು ಮಾತ್ರ ಕೇಳಿದ್ದೆವು: ಎಷ್ಟು?

ಹಾಗಾಗಿ ಈ ಸಲ ನೋಟ್‌ಬುಕ್ ಹಿಡಿದುಕೊಂಡು ಹೊರಟೆವು. ಅದೇ ಅಂಗಡಿಯಿಂದ ಶುರುಮಾಡಿ ಹುಬ್ಬಳ್ಳಿಯ ಮೂರ್ನಾಲ್ಕು ಕಡೆ ನಿಂತು ಕೆಲಸ ನೋಡಿದೆವು. ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇವೆ.

ಮೊದಲನೆಯದು ಸ್ಕ್ರೀನ್ ಪ್ರಿಂಟ್. ಅಂಗಳದಲ್ಲಿ ತೂತಿನ ಅಚ್ಚಿನಿಂದ ರಂಗೋಲಿ ಹಾಕುತ್ತಾರಲ್ಲ, ಅದೇ ಲೆಕ್ಕ. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿ ಬಟ್ಟೆ. ಚಿತ್ರ ಇರುವಲ್ಲಿ ತೆರೆದಿರುತ್ತದೆ, ಉಳಿದ ಕಡೆ ಮುಚ್ಚಿರುತ್ತದೆ. ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಬಣ್ಣ ಕೆಳಗಿನ ಅಂಗಿಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಮೂರು ಬಣ್ಣವಿದ್ದರೆ ಮೂರು. ಸ್ಕ್ರೀನ್ ಮಾಡುವ ಖರ್ಚು ಒಂದೇ ಸಲದ್ದು. ಅದು 300 ರೂಪಾಯಿ ಎಂದುಕೊಳ್ಳಿ. 5 ಅಂಗಿ ಮಾಡಿಸಿದರೆ ಒಂದರ ಮೇಲೆ 60 ಬೀಳುತ್ತದೆ, 50 ಮಾಡಿಸಿದರೆ 6 ಮಾತ್ರ. ಆದ್ದರಿಂದ ಅಂಗಿ ಹೆಚ್ಚು, ಬಣ್ಣ ಕಡಿಮೆ ಇದ್ದಾಗ ಇದು ಅಗ್ಗ. ಬಾಳಿಕೆಯೂ ಇದೆ, ಆದರೆ ಬಣ್ಣವನ್ನು ಸರಿಯಾಗಿ ಕಾಯಿಸಬೇಕು. ಪ್ಲಾಸ್ಟಿಸಾಲ್ ಎಂಬ ಬಣ್ಣ ಗಟ್ಟಿಯಾಗಿ ಕೂರಲು ಸುಮಾರು 160 ಡಿಗ್ರಿ ಶಾಖ ಬೇಕು. ಅವಸರದಲ್ಲಿ ಅರೆಬರೆ ಕಾಯಿಸಿ ಕೊಟ್ಟರೆ ಇದೂ ಬಿರುಕು ಬಿಡುತ್ತದೆ. ಪರೀಕ್ಷೆ ಸುಲಭ. ಪ್ರಿಂಟ್ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಬಣ್ಣ ಬಟ್ಟೆಯ ಜೊತೆ ಹಿಗ್ಗಿ ಮರಳಿ ಬಂದರೆ ಸರಿ, ಸೀಳು ಕಂಡರೆ ವಾಪಸ್ ಕೊಡಿ.

ಎರಡನೆಯದು ಸಬ್ಲಿಮೇಶನ್. ಕರ್ಪೂರ ನೋಡಿದ್ದೀರಿ. ನೀರಾಗದೆ ನೇರವಾಗಿ ಆವಿಯಾಗುತ್ತದೆ. ಇಲ್ಲಿಯ ಬಣ್ಣವೂ ಹಾಗೆಯೇ. ಕಾಗದದ ಮೇಲೆ ಮುದ್ರಿಸಿದ ಬಣ್ಣವನ್ನು ಸುಮಾರು 200 ಡಿಗ್ರಿ ಶಾಖದಲ್ಲಿ ಬಟ್ಟೆಗೆ ಒತ್ತಿದಾಗ ಅದು ಆವಿಯಾಗಿ ನೂಲಿನ ಒಳಗೇ ಹೋಗಿ ಕೂರುತ್ತದೆ. ಕೈಯಾಡಿಸಿದರೆ ಪ್ರಿಂಟ್ ಇದೆ ಎಂದೇ ಗೊತ್ತಾಗುವುದಿಲ್ಲ. ಮೇಲೆ ಪದರವೇ ಇಲ್ಲದ ಮೇಲೆ ಬಿರುಕು ಬಿಡುವುದಾದರೂ ಏನು? ಆದರೆ ಎರಡು ಷರತ್ತು. ಬಟ್ಟೆ ಪಾಲಿಯೆಸ್ಟರ್ ಆಗಿರಬೇಕು, ಬಿಳಿ ಅಥವಾ ತಿಳಿ ಬಣ್ಣದ್ದಿರಬೇಕು. ಹತ್ತಿ ಬಟ್ಟೆಗೆ ಈ ಬಣ್ಣ ನಿಲ್ಲುವುದಿಲ್ಲ, ಒಗೆದಂತೆ ಮಾಸುತ್ತದೆ. ಟಿವಿಯಲ್ಲಿ ಕಾಣುವ ಬಣ್ಣಬಣ್ಣದ ಆಟದ ಜೆರ್ಸಿಗಳಲ್ಲಿ ಬಹಳಷ್ಟು ಇದೇ ಕೆಲಸ. ಬಿಳಿ ಬಟ್ಟೆಗೆ ಮೊದಲು ಬಣ್ಣ, ನಂಬರ್, ಹೆಸರು ಎಲ್ಲ ಒತ್ತಿ ಆಮೇಲೆ ಹೊಲಿಯುತ್ತಾರೆ.

ಮೂರನೆಯದು ಡಿಟಿಎಫ್. ಈಗ ಸಣ್ಣ ಊರುಗಳಿಗೂ ಬಂದಿದೆ. ಪ್ಲಾಸ್ಟಿಕ್ ಹಾಳೆ ಮೇಲೆ ಸಂಡಿಗೆ ಹಾಕಿ ಒಣಗಿದ ಮೇಲೆ ಸುಲಿಯುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ತೆಳು ಫಿಲ್ಮ್ ಮೇಲೆ ಚಿತ್ರ ಮುದ್ರಿಸಿ, ಹಿಂದೆ ಬಿಳಿ ಬಣ್ಣ ಕೊಟ್ಟು, ಅಂಟಿನ ಪುಡಿ ಉದುರಿಸಿ ಕರಗಿಸುತ್ತಾರೆ. ಆಮೇಲೆ ಅಂಗಿ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಫಿಲ್ಮ್ ಸುಲಿಯುತ್ತಾರೆ. ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ, ಕಪ್ಪು ಅಂಗಿಯಾಗಲಿ ಬಿಳಿಯಾಗಲಿ, ಎಲ್ಲಕ್ಕೂ ಬರುತ್ತದೆ. ಒಂದೇ ಅಂಗಿ ಬೇಕಾದರೂ ಮಾಡಿಕೊಡುತ್ತಾರೆ. ರೇಟು ಬಣ್ಣದ ಲೆಕ್ಕದಲ್ಲಲ್ಲ, ಚಿತ್ರದ ಅಳತೆಯ ಲೆಕ್ಕದಲ್ಲಿ. ಟ್ರಾನ್ಸ್‌ಫರ್ ಪೇಪರ್‌ಗಿಂತ ಎಷ್ಟೋ ಗಟ್ಟಿ. ಆದರೂ ಇದು ಬಟ್ಟೆಯ ಮೇಲೆ ಕೂತ ಪದರವೇ. ಎದೆ ತುಂಬ ದೊಡ್ಡ ಚಿತ್ರ ಹಾಕಿಸಿದರೆ ಅಲ್ಲಿ ಗಾಳಿಯಾಡುವುದಿಲ್ಲ, ಬೆವರು ನಿಲ್ಲುತ್ತದೆ. ಮೇಲೆ ನೇರವಾಗಿ ಇಸ್ತ್ರಿ ಇಟ್ಟರೆ ಕೆಡುತ್ತದೆ. ಅಂಗಿ ತಿರುವಿ ಒಗೆಯಬೇಕು, ಬ್ರಷ್ ಹಾಕಬಾರದು.

ವಿನೈಲ್ ಅಂತ ಇನ್ನೊಂದಿದೆ. ಬಣ್ಣದ ಹಾಳೆಯಿಂದ ಅಕ್ಷರ, ಅಂಕಿಗಳನ್ನು ಮಶಿನ್‌ನಲ್ಲಿ ಕತ್ತರಿಸಿ ಬಿಸಿ ಮಾಡಿ ಅಂಟಿಸುವುದು. ಹತ್ತಾರು ಅಂಗಿಗೆ ಬೇರೆ ಬೇರೆ ಹೆಸರು, ನಂಬರ್ ಬೇಕಾದಾಗ ಅನುಕೂಲ. ಒಗೆತ ಜೋರಾದರೆ ಅಂಚಿನಿಂದ ಏಳತೊಡಗುತ್ತದೆ. ಫೋಟೊಕ್ಕೆ ಇದು ಅಲ್ಲ.

ಕೊನೆಯದು ಮಶಿನ್ ಎಂಬ್ರಾಯ್ಡರಿ. ಧಾರವಾಡ ಸೀಮೆಯ ನಮಗೆ ಕಸೂತಿ ಹೊಸತಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆಯ ಹೆಸರು ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಅವರದು ಕೈ, ಎಳೆ ಎಣಿಸಿ ಹಾಕುವ ಹೊಲಿಗೆ. ಇಲ್ಲಿ ಕಂಪ್ಯೂಟರ್ ಹೇಳಿದಂತೆ ಮಶಿನ್ ಹೊಲಿಯುತ್ತದೆ. ಎಷ್ಟು ಹೊಲಿಗೆ ಬೀಳುತ್ತದೋ ಅಷ್ಟು ರೇಟು. ಕಾಲರ್ ಇರುವ ದಪ್ಪ ಟಿ-ಶರ್ಟ್‌ಗೆ, ಟೋಪಿಗೆ, ಎದೆಯ ಮೇಲಿನ ಸಣ್ಣ ಗುರುತಿಗೆ ಒಳ್ಳೆಯದು. ಅಂಗಿ ಹರಿದರೂ ಹೊಲಿಗೆ ಉಳಿಯುತ್ತದೆ. ಆದರೆ ತೆಳು ಬಟ್ಟೆಗೆ ಹಾಕಿದರೆ ಸುತ್ತ ಸುಕ್ಕು ಬೀಳುತ್ತದೆ. ಮನುಷ್ಯರ ಮುಖವನ್ನು ಮುಖದಂತೆ ಹೊಲಿಸುವುದೂ ಸುಲಭವಲ್ಲ.

ಇಷ್ಟು ಬರೆದುಕೊಂಡ ಮೇಲೆ ಒಂದು ವಿಷಯ ಅರ್ಥವಾಯಿತು. ಯಾವುದು ಒಳ್ಳೆಯ ಪ್ರಿಂಟ್ ಎಂಬ ಪ್ರಶ್ನೆಯೇ ಸರಿಯಲ್ಲ. ಅಂಗಿಯನ್ನು ಯಾರು ಹಾಕಿಕೊಳ್ಳುತ್ತಾರೆ, ಏನು ಕೆಲಸ ಮಾಡುವಾಗ ಹಾಕಿಕೊಳ್ಳುತ್ತಾರೆ, ಯಾವ ಬಟ್ಟೆ, ಎಷ್ಟು ಅಂಗಿ, ಹೇಗೆ ಒಗೆಯುತ್ತಾರೆ, ಎಷ್ಟು ದಿನ ಉಳಿಯಬೇಕು. ಇವಕ್ಕೆ ಉತ್ತರ ಸಿಕ್ಕರೆ ಯಾವ ಪ್ರಿಂಟ್ ಎಂಬುದು ತಾನೇ ಗೊತ್ತಾಗುತ್ತದೆ. ರೇಟು ಆಮೇಲೆ.

ಊರಿಗೆ ಬಂದು ಗುಡಿಕಟ್ಟೆ ಮೇಲೆ ಸಭೆ ಕೂಡಿದೆವು. ಡಿಟಿಎಫ್‌ನಲ್ಲಿ ಫೋಟೊ ಇನ್ನೂ ದೊಡ್ಡದು ಮಾಡಿಸೋಣ ಅಂದರು ಕೆಲವರು. ಗೊಬ್ಬರದ ಅಂಗಡಿಯವರೊಬ್ಬರು, ಎದೆ ಮೇಲೆ ನಮ್ಮ ಅಂಗಡಿ ಹೆಸರು ಹಾಕಿಸಿದರೆ ಪೂರ್ತಿ ಖರ್ಚು ನನ್ನದು ಅಂದಿದ್ದರು. ಹಾಗಾದರೆ ಗೆಳೆಯನ ಫೋಟೊ ಬೆನ್ನಿಗೆ ಹೋಗಲಿ ಅಂದರು ಇನ್ನು ಕೆಲವರು. ಮಾತಿಗೆ ಮಾತು ಬೆಳೆಯಿತು. ರಾತ್ರಿ ಹತ್ತಾಯಿತು. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನೊಬ್ಬ ಕೇಳಿದ: "ಅವ್ವನ್ನ ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಹೋದ ವರ್ಷವೂ ಕೇಳಿರಲಿಲ್ಲ.

ಮರುದಿನ ಹೋದೆವು. ಅವ್ವ ಜೋಳ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆವು. ಮೊರ ಕೆಳಗಿಟ್ಟು ಸುಮ್ಮನೆ ಕೂತಳು. ಆಮೇಲೆ ಅಂದಳು:

"ಮಾರಿ ಬ್ಯಾಡ ಯಪ್ಪಾ. ಅವನ ಮಾರಿ ನನ್ನ ಗ್ವಾಡಿ ಮ್ಯಾಲ ಐತಿ, ಅಲ್ಲೇ ಇರಲಿ. ಅಂಗಿ ಅಂದ್ರ ಬೆವರು ಹತ್ತತೈತಿ, ಮಣ್ಣ ಹತ್ತತೈತಿ, ಹಳೇದಾತು ಅಂದ್ರ ಒರಸಾಕ ಹೋಗತೈತಿ. ಅದರ ಮ್ಯಾಲ ಮಾರಿ ಯಾಕ? ಅವನ ನಂಬರ ಹಾಕ್ರಿ. ಅದನ್ನ ನೋಡಿದ್ರ ನನಗ ಗೊತ್ತಾಗತೈತಿ."

ಎಷ್ಟು ಅಂಗಡಿ ತಿರುಗಿದರೂ ನಮಗೆ ಸಿಗದ ಉತ್ತರ ಅದು. ಯಾವ ರೀತಿ ಪ್ರಿಂಟ್ ಮಾಡಿಸಬೇಕು ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು. ಏನನ್ನು ಪ್ರಿಂಟ್ ಮಾಡಿಸಬೇಕು ಎಂಬುದನ್ನು ಯೋಚಿಸಿಯೇ ಇರಲಿಲ್ಲ.

ಮುಖ ಬಿಟ್ಟ ಕೂಡಲೇ ಲೆಕ್ಕ ಹಗುರಾಯಿತು. ಆಟಗಾರರು 12 ಜನ. ಅಂಕಣದಲ್ಲಿ 7, ಉಳಿದವರು ಬದಲಿ. ಕಬಡ್ಡಿಯಲ್ಲಿ ಅಂಗಿ ಹಿಡಿದು ಜಗ್ಗುತ್ತಾರೆ, ನೆಲಕ್ಕೆ ಉರುಳುತ್ತಾರೆ. ಅಂಟಿಸಿದ ನಂಬರ್ ಅಲ್ಲಿ ಹೆಚ್ಚು ದಿನ ತಡೆಯುವುದಿಲ್ಲ. ಅವರಿಗೆ ಪಾಲಿಯೆಸ್ಟರ್ ಜೆರ್ಸಿ, ಸಬ್ಲಿಮೇಶನ್. ನಿಯಮದ ಪ್ರಕಾರ ನಂಬರ್ ಮುಂದೆ ಕನಿಷ್ಠ 4 ಇಂಚು, ಹಿಂದೆ 6 ಇಂಚು. 9ನೇ ನಂಬರ್ ಈ ವರ್ಷ ಯಾರಿಗೂ ಇಲ್ಲ. ಬದಲಿಗೆ ಎಲ್ಲರ ಎಡ ತೋಳಿನ ಮೇಲೂ ಸಣ್ಣದೊಂದು 9. ಒಂದಕ್ಕೆ 350ರಂತೆ 4,200.

ಜೊತೆಗೆ ನಿಲ್ಲುವವರಿಗೆ ಹತ್ತಿ ಟಿ-ಶರ್ಟ್. ಬಿಸಿಲಲ್ಲಿ ದಿನವಿಡೀ ನಿಲ್ಲುವವರಿಗೆ ಹತ್ತಿಯೇ ಹಿತ. ಈ ಅಂಗಿಗಳಿಗೆ ಬಟ್ಟೆ ಬರುವುದು ಹೆಚ್ಚಾಗಿ ತಮಿಳುನಾಡಿನ ತಿರುಪ್ಪೂರಿನಿಂದ. ಅಂಗಡಿಯಲ್ಲಿ ಜಿಎಸ್ಎಂ ಎಷ್ಟು ಎಂದು ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ನಾವು 180 ಕೇಳಿದೆವು. ಪ್ರಿಂಟ್ ಒಂದೇ ಬಣ್ಣ, ಒಂದೇ ಸ್ಕ್ರೀನ್: ಎದೆ ಮೇಲೆ ದೊಡ್ಡದಾಗಿ 9, ಕೆಳಗೆ ಊರ ಹೆಸರು. ಹೋದ ವರ್ಷ ಸುಮ್ಮನೆ 40 ಮಾಡಿಸಿದ್ದೆವು. ಈ ಸಲ ಬೇಕು ಅಂದವರನ್ನು ಎಣಿಸಿದಾಗ 30 ಆಯಿತು. 150ರಂತೆ 4,500.

ಒಟ್ಟು 8,700. ಹೋದ ವರ್ಷಕ್ಕಿಂತ 2,300 ಹೆಚ್ಚು. ಗೊಬ್ಬರದ ಅಂಗಡಿಯವರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಎದೆ ಕೊಡಲು ಬರುವುದಿಲ್ಲ, ಮೈದಾನದ ಫ್ಲೆಕ್ಸ್‌ನಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕುತ್ತೇವೆ ಎಂದೆವು. ಒಂದು ಗಳಿಗೆ ನಮ್ಮ ಮುಖ ನೋಡಿ, 2,300 ಎಣಿಸಿ ಕೊಟ್ಟರು. "ಅಂವ ನಮ್ಮ ಅಂಗಡಿಗೂ ಬರ್ತಿದ್ದ" ಅಂದರು.

ಆದರೂ ಈ ಸಲ ಪೂರ್ತಿ ಆರ್ಡರ್ ಕೊಡಲಿಲ್ಲ. ಮೊದಲು ಒಂದೇ ಒಂದು ಸ್ಯಾಂಪಲ್ ಮಾಡಿಸಿದೆವು, ಹತ್ತಿಯದು. ಸ್ಕ್ರೀನ್ ಖರ್ಚು ಹೇಗೂ ಕೊಡಲೇಬೇಕು, ಆದ್ದರಿಂದ ಸ್ಯಾಂಪಲ್ ಕೇಳಲು ನೀವೂ ನಾಚಬೇಡಿ. ಜಗ್ಗಿ ನೋಡಿದೆವು, ಸೀಳಲಿಲ್ಲ. ಒಂದು ದಿನ ಹಾಗೇ ಬಿಟ್ಟೆವು. ಆಮೇಲೆ ಅದನ್ನು ಅವ್ವನ ಕೈಗೆ ಕೊಟ್ಟೆವು.

"ಯವ್ವಾ, ಇದನ್ನ ನೀ ದಿನಾ ಒಗಿ. ನೀ ಹೆಂಗ ಒಗಿತೀ ಹಂಗ. ಮೆತ್ತಗ ಏನ್ ಬ್ಯಾಡ."

ಅವ್ವ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕಿದ್ದನ್ನು ನಾವು ನೋಡಿದ್ದು ಅಪರೂಪ. ಎಂಟು ದಿನ ಒಗೆದಳು. ಬಿಸಿ ನೀರು, ಬಾರ್ ಸೋಪು, ಬ್ರಷ್, ಬಂಡೆ ಯಾವುದನ್ನೂ ಬಿಡಲಿಲ್ಲ. ಹಿತ್ತಲ ತಂತಿಯ ಮೇಲೆ ದಿನವೂ ಆ 9 ಒಣಗುತ್ತಿತ್ತು. ಅತ್ತ ಹೋಗುವಾಗ ನಾವೆಲ್ಲ ಒಮ್ಮೆ ಕತ್ತು ಚಾಚಿ ನೋಡಿಯೇ ಮುಂದೆ ಹೋಗುತ್ತಿದ್ದೆವು.

ಒಂಬತ್ತನೇ ದಿನ ಬೆಳಿಗ್ಗೆ ಅಂಗಿ ಮಡಚಿಕೊಂಡು ಬಂದಳು. ಬಟ್ಟೆ ತುಸು ಮಾಸಿತ್ತು. 9 ಹಾಗೇ ಇತ್ತು.

"ಹೋಗಿಲ್ಲ. ಮಾಡಸ್ರಿ" ಅಂದಳು.

ಅಂದೇ ಹೋಗಿ ಆರ್ಡರ್ ಕೊಟ್ಟು ಬಂದೆವು. ಸ್ಯಾಂಪಲ್ ಅಂಗಿಯನ್ನು ವಾಪಸ್ ಕೇಳಲಿಲ್ಲ. ಅದು ಅವ್ವನ ಹತ್ತಿರವೇ ಇದೆ.